ಹಾರ್ನ್ ಸಮೇತ ಹಾಜರಾಗತಕ್ಕದ್ದು

ದಿಂಬಂ ಘಾಟಿಗೆ ಇಪ್ಪತ್ತೇಳು ತಿರುವು. ಈಗ ಒಂದೊಂದು ತಿರುವಿಗೂ ಹಳದಿ ಹಲಗೆ ನೆಟ್ಟು ಒಂದು ಬೈ ಇಪ್ಪತ್ತೇಳು, ಎರಡು ಬೈ ಇಪ್ಪತ್ತೇಳು ಎಂದು ಬರೆದಿದ್ದಾರೆ. ದೊಡ್ಡಗಾಜನೂರಿನ ಲಾರಿ ಡ್ರೈವರ್ ಪುಟ್ಟಬಸಪ್ಪನಿಗೆ ಆ ಹಲಗೆಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಮೂವತ್ನಾಲ್ಕು ವರ್ಷದಿಂದ ಆ ಘಾಟಿ ಹತ್ತಿ ಇಳಿಯುತ್ತಿದ್ದವನಿಗೆ ತಿರುವುಗಳನ್ನು ಎಣಿಸಿ ತೋರಿಸುವುದೆಂದರೆ, ಹೆತ್ತವಳಿಗೆ ಅವಳ ಮಕ್ಕಳ ತಲೆ ಎಣಿಸಿಕೊಟ್ಟ ಹಾಗೆ.

ಅವನ ಕಾಲದಲ್ಲಿ ತಿರುವುಗಳಿಗೆ ನಂಬರಿರಲಿಲ್ಲ, ಹೆಸರಿತ್ತು. ಎಲೆಕೋಸಿನ ಲಾರಿ ಮಗುಚಿ ಆನೆಗಳಿಗೆ ಮೂರು ದಿನ ಹಬ್ಬವಾದದ್ದು ಕೋಸಿನ ತಿರುವು. ಹಾಸನೂರಿನ ಡ್ರೈವರ್ ಒಬ್ಬನ ಅತ್ತೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಳ್ಳುವಾಗ ಅವಳ ಹಲ್ಲಿನ ಸೆಟ್ಟು ಕಣಿವೆಗೆ ಬಿದ್ದದ್ದು ಅತ್ತೆ ತಿರುವು. ಇನ್ನು ಕೆಳಗಿನಿಂದ ಒಂಬತ್ತನೆಯದು ಮಹದೇವಪ್ಪನ ತಿರುವು. ಮಹದೇವಪ್ಪ ಅಂದರೆ ಪುಟ್ಟಬಸಪ್ಪನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಗುರು. ಎಪ್ಪತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಬಿದಿರು ತುಂಬಿದ ಲಾರಿಯ ಸಮೇತ ಅಲ್ಲಿಂದ ಕೆಳಗೆ ಹೋದವನು ಮೇಲೆ ಬರಲಿಲ್ಲ.

ಆಗ ಡ್ರೈವರುಗಳಲ್ಲಿ ಒಂದು ಪದ್ಧತಿಯಿತ್ತು. ಘಾಟಿಯಲ್ಲಿ ಯಾರಾದರೂ ಸತ್ತರೆ, ಆಮೇಲೆ ಬರುವ ಪ್ರತಿಯೊಬ್ಬನೂ ಆ ತಿರುವಿನಲ್ಲಿ ಗಾಡಿ ನಿಲ್ಲಿಸಿ ಇಳಿದು, ಕಣಿವೆಗೆ ಮುಖ ಮಾಡಿ ಸತ್ತವನ ಹೆಸರನ್ನು ಮೂರು ಸಲ ಕೂಗಬೇಕು. ಒಂದು ಬೀಡಿ ಸುಡುವಷ್ಟು ಹೊತ್ತು ಕಾಯಬೇಕು. ಉತ್ತರ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ಕಾಯಬೇಕು. ಆಮೇಲೆ 'ಸರಿ, ಮಲಿಕ್ಕೊ' ಎಂದು ಹೇಳಿ ಹೊರಡಬೇಕು. ಹೀಗಾಗಿ ಬದುಕಿರುವವನ ಹೆಸರನ್ನು ಘಾಟಿಯಲ್ಲಿ ಯಾರೂ ಕೂಗುತ್ತಿರಲಿಲ್ಲ. 'ಏ ಗಾಜನೂರು', 'ಏ ನೀಲಿ ಮೂತಿ' ಎಂದು ಊರನ್ನೋ ಗಾಡಿಯನ್ನೋ ಹಿಡಿದು ಕರೆಯುತ್ತಿದ್ದರು. ಮಹದೇವಪ್ಪನ ಹೆಸರನ್ನು ಪುಟ್ಟಬಸಪ್ಪ ಮೂರಲ್ಲ, ಮೂವತ್ತು ಸಲ ಕೂಗಿದ್ದ. ಅಂದಿನಿಂದ ಅಲ್ಲಿ ದಾಟುವಾಗಲೆಲ್ಲ ಉದ್ದಕ್ಕೊಂದು ಹಾರ್ನ್ ಹೊಡೆಯುವುದನ್ನು ಅವನು ತಪ್ಪಿಸಿರಲಿಲ್ಲ. ಎದುರಿನವನಿಗೂ ಆಯಿತು, ಕೆಳಗಿನವನಿಗೂ ಆಯಿತು.

ಎರಡು ಸಾವಿರದ ಒಂಬತ್ತರಲ್ಲಿ ಆ ತಿರುವಿಗೆ ಎರಡು ಬೋರ್ಡುಗಳು ಬಂದವು. ಒಂದನ್ನು ರಸ್ತೆಯವರು ನೆಟ್ಟರು: 'ಹಾರ್ನ್ ಮಾಡಿ.' ಅದರಿಂದ ಮೂರು ಮೊಳ ದೂರದಲ್ಲಿ, ಪ್ರಾಣಿಗಳು ಬೆದರಬಾರದೆಂದು, ಕಾಡಿನ ಇಲಾಖೆಯವರು ಇನ್ನೊಂದನ್ನು ನೆಟ್ಟರು: 'ಹಾರ್ನ್ ಮಾಡಬೇಡಿ.' ಒಂದರ ಕೆಳಗೆ ರಸ್ತೆಯವರ ಕಾವಲಿಗೆ ತಾಳವಾಡಿಯ ಪ್ರಕಾಶ್, ಇನ್ನೊಂದರ ಕೆಳಗೆ ಕಾಡಿನವರ ಕಾವಲಿಗೆ ತಾಳಮಲೆಯ ಸೋಲಿಗರ ಕೆಂಪ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು, ಒಂದೇ ಬುತ್ತಿಯಲ್ಲಿ ಊಟ ಮಾಡಿ, ಒಂದೇ ಬೆಂಕಿಕಡ್ಡಿಯಲ್ಲಿ ಎರಡು ಬೀಡಿ ಹಚ್ಚುವಷ್ಟು ಗೆಳೆಯರು. ಇಬ್ಬರ ಸೊಂಟದಲ್ಲೂ ಬಸ್ ಕಂಡಕ್ಟರನ ಬಳಿಯಿರುವಂಥ ತೂತು ಹಾಕುವ ಇಕ್ಕಳ. ಆ ವರ್ಷ ಬಂದ ಹೊಸ ಶಿಸ್ತು ಏನೆಂದರೆ, ತಪ್ಪು ಮಾಡಿದ ಡ್ರೈವರನ ಲೈಸೆನ್ಸಿಗೆ ಒಂದು ತೂತು. ಮೂರು ತೂತಾದರೆ ಲೈಸೆನ್ಸು ಮುಗಿಯಿತು.

ಪುಟ್ಟಬಸಪ್ಪ ಕೋಸಿನ ಲೋಡು ಹೊತ್ತು ಇಳಿಯುವಾಗ ಎಂದಿನಂತೆ ಹಾರ್ನ್ ಹೊಡೆದ. ಕೆಂಪ ಎದ್ದು ಬಂದು ಸಂಕೋಚದಿಂದಲೇ ಒಂದು ತೂತು ಹಾಕಿದ.

ಸಂಜೆ ಖಾಲಿ ಲಾರಿ ಹತ್ತಿಸಿಕೊಂಡು ಬರುವಾಗ ಅದೇ ತಿರುವಿನಲ್ಲಿ ಅವನು ಕಳ್ಳನ ಹಾಗೆ ಸದ್ದಿಲ್ಲದೆ ಬಂದ. ಪ್ರಕಾಶ್ ಎದ್ದು ಬಂದು ಇನ್ನೊಂದು ತೂತು ಹಾಕಿದ.

"ಅಲ್ಲ ಕಣ್ರಲಾ," ಎಂದ ಪುಟ್ಟಬಸಪ್ಪ, ತೂತಿನೊಳಗಿಂದ ಅವರಿಬ್ಬರನ್ನೂ ನೋಡುತ್ತ, "ಒಡುದ್ರೂ ತೂತು, ಒಡೀದಿದ್ರೂ ತೂತು. ನಾನು ಯಾನ ಮಾಡ್ಲಿ ಏಳಿ."

"ನಿನ್ ಮಾತು ನ್ಯಾಯವಾಗದೆ ಕಣಣ್ಣ," ಎಂದ ಕೆಂಪ. "ಆದ್ರೆ ನನ್ ಬೋರ್ಡೂ ನ್ಯಾಯವಾಗೇ ಅದೆ."

"ನಂದೂ ಅಷ್ಟೆ," ಎಂದ ಪ್ರಕಾಶ್. "ಒಂದೊಂದನ್ನೇ ಓದು, ಯಾವ್ದೂ ತಪ್ಪಿಲ್ಲ. ಎರಡ್ನೂ ಒಟ್ಗೆ ಓದು ಅಂತ ನಿಂಗ್ಯಾರೇಳಿದ್ರು?"

ಅತ್ತ ದರಿ ಇತ್ತ ಪುಲಿ ಎಂಬ ಗಾದೆ ಕಟ್ಟಿದವನು ದಿಂಬಂ ಘಾಟಿಯಲ್ಲಿ ಲಾರಿ ಓಡಿಸಿದವನೇ ಇರಬೇಕು.

ಲೈಸೆನ್ಸು ಹೋದರೆ ಪುಟ್ಟಬಸಪ್ಪನ ಹೊಟ್ಟೆಗೇನೂ ತೊಂದರೆಯಿರಲಿಲ್ಲ. ಎರಡೆಕರೆ ರಾಗಿ ಹೊಲವಿತ್ತು, ಅದನ್ನು ಹೆಂಡತಿ ಗುರುಲಿಂಗಮ್ಮ ಅವನಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು. ಆದರೆ ಘಾಟಿಯಿಲ್ಲದೆ ಬದುಕುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಸಪಾಟು ನೆಲದ ಮೇಲೆ ನಡೆಯುವಾಗಲೂ ಅವನು ಮೂಲೆ ಬಂದರೆ ಸ್ವಲ್ಪ ಒಳಕ್ಕೆ ವಾಲುತ್ತಿದ್ದ. ಅಂಥವನು ಆ ರಾತ್ರಿ ಉಣ್ಣದೆ ಕೂತ. ನಾಳೆಯಿಂದ ಮನೆಯಲ್ಲೇ ಇರಬೇಕಲ್ಲ ಎಂದು ಅವನಿಗೆ ನಿಜವಾಗಿಯೂ ಭಯವಾಗಿತ್ತು.

ಗಂಡ ಹೆಂಡಿರು ಅಷ್ಟು ವರ್ಷ ಮಾತಾಡಿಕೊಂಡದ್ದೇ ಹಾರ್ನಿನಲ್ಲಿ. ಗಾಜನೂರಿನ ಕೆರೆ ಏರಿಯ ಮೇಲೆ ಅವನು ಮೂರು ಸಲ ಹೊಡೆದರೆ ಅವಳು ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ನಾಲ್ಕು ಹೊಡೆದರೆ ನೆಂಟರು ಜೊತೆಯಲ್ಲಿದ್ದಾರೆಂದು ಇನ್ನೊಂದು ಸೇರು ಅಕ್ಕಿ ಹಾಕುತ್ತಿದ್ದಳು. ಅವನು ಅವಳನ್ನು 'ಅಮ್ಮಿ' ಅನ್ನುತ್ತಿದ್ದ, ಅವಳು ಅವನನ್ನು ಏನೂ ಅನ್ನುತ್ತಿರಲಿಲ್ಲ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದಷ್ಟೂ ಅವನ ಆಯಸ್ಸು ಸವೆಯುತ್ತದೆ ಎಂದು ಅವಳ ಅಜ್ಜಿ ಹೇಳಿ ಸತ್ತಿದ್ದಳು. ಹೇಳಿ ಸತ್ತದ್ದರಿಂದ ಅದನ್ನು ಮೀರಲು ಆಗುತ್ತಿರಲಿಲ್ಲ. ಒಮ್ಮೆ ರೇಷನ್ ಕಾರ್ಡಿಗೆ ಹೆಸರು ಬರೆಸುವಾಗ ಅವಳು ಗುಡಿಯ ಮುಂದಿನ ಕಲ್ಲುಬಸವನನ್ನು ತೋರಿಸಿ, 'ಅದೇ, ಚಿಕ್ಕದು' ಎಂದು ಬೆರಳಲ್ಲಿ ಅಳತೆ ಕೊಟ್ಟಿದ್ದಳು. ಊರು ತಮಿಳುನಾಡಿಗೆ ಸೇರಿದ್ದು, ಬರೆಯುವವನಿಗೆ ತಮಿಳು ಮಾತ್ರ ಬರುತ್ತಿದ್ದರಿಂದ ಅವನು ಸಣ್ಣ ಎತ್ತು ಎಂದುಕೊಂಡು 'ಚಿನ್ನಕಾಳೈ' ಎಂದು ಬರೆದ. ಹನ್ನೊಂದು ವರ್ಷ ಪುಟ್ಟಬಸಪ್ಪ ಸೀಮೆಎಣ್ಣೆ ತಂದದ್ದು ಚಿನ್ನಕಾಳೈ ಆಗಿಯೇ.

ಗುರುಲಿಂಗಮ್ಮನ ಬಾಯಲ್ಲಿ ಬಾರದ್ದು ಅದೊಂದೇ. ಉಳಿದಂತೆ ಅವಳ ಗಂಟಲು ತಾಳವಾಡಿ ಸೀಮೆಗೇ ಹೆಸರುವಾಸಿ. ಅಟ್ಟಣೆಯ ಮೇಲೆ ನಿಂತು ಅವಳು ಒಂದು ಸಲ 'ಹೋಯ್' ಎಂದರೆ ರಾಗಿ ಹೊಲಕ್ಕೆ ನುಗ್ಗಿದ ಆನೆ ಜೀರಹಳ್ಳಿಯ ತನಕ ತಿರುಗಿ ನೋಡದೆ ಹೋಗುತ್ತಿತ್ತಂತೆ. ಆನೆಯನ್ನು ಕೇಳಿದವರಿಲ್ಲ, ಊರವರು ಹೇಳುವುದು ಹಾಗೆ.

"ಆರ್ನು ಒಡುದ್ರೆ ತಾನೆ ತೂತು?" ಎಂದಳು ಅವಳು ಗಂಡನ ಮುಂದೆ ತಟ್ಟೆ ನೂಕಿ. "ಅದುನ್ನ ಕಿತ್ತಾಕು. ನಾನ್ ಬತ್ತೀನಿ, ನಾನ್ ಕೂಗ್ತೀನಿ. ಉಣ್ಣು ಈಗ."

ಮಾರನೆಯ ದಿನ ಅವನು ಹಾರ್ನಿನ ತಂತಿ ಕಿತ್ತು ಸೀಟಿನ ಕೆಳಗೆ ಹಾಕಿದ. ಗುರುಲಿಂಗಮ್ಮ ಎಡಗಡೆ ಸೀಟಿನಲ್ಲಿ, ಮಡಿಲಲ್ಲಿ ಎಲೆಅಡಿಕೆ ಚೀಲವಿಟ್ಟುಕೊಂಡು ಕೂತಳು. ಮದುವೆಯಾದಂದಿನಿಂದ ಅವಳು ಆ ಲಾರಿ ಹತ್ತಿದ್ದು ಅದೇ ಮೊದಲು. ಮಹದೇವಪ್ಪನ ತಿರುವು ಬಂದಾಗ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಓ...ಹೋಯ್!" ಎಂದಳು. ಕೆಳಗಿನಿಂದ ಬರುತ್ತಿದ್ದ ಬಸ್ಸು ಎರಡು ತಿರುವಿನಾಚೆಯೇ ನಿಂತುಬಿಟ್ಟಿತು. ಕೆಂಪನ ಕೈಯಲ್ಲಿದ್ದ ಟೀ ಪ್ರಕಾಶನ ಅಂಗಿಯ ಮೇಲಿತ್ತು.

ಇಬ್ಬರೂ ಇಕ್ಕಳ ಹಿಡಿದು ಬಂದರು. ಬಂದು ನಿಂತರು.

"ಇದು ಆರ್ನಾದ್ರೆ ತೂತು ನೀನಾಕ್ಬೇಕು," ಎಂದ ಪ್ರಕಾಶ್.

"ಆರ್ನಲ್ದಿದ್ರೆ ನೀನಾಕ್ಬೇಕು," ಎಂದ ಕೆಂಪ. "ಯಕ್ಕ, ನೀನು ಆರ್ನಾ?"

"ನಿಮ್ಮಪ್ಪ ಆರ್ನು," ಎಂದಳು ಗುರುಲಿಂಗಮ್ಮ.

ಪಾಪ, ಮೂರನೇ ತೂತು ಹಾಕಿ ಪಾಪ ಕಟ್ಟಿಕೊಳ್ಳಲು ಇಬ್ಬರಿಗೂ ಮನಸ್ಸಿರಲಿಲ್ಲ. 'ನೀನು ಹಾಕು', 'ಇಲ್ಲ ನೀನೇ ಹಾಕು' ಎಂದು ಮದುವೆ ಮನೆಯಲ್ಲಿ ಮೊದಲು ಎಲೆ ಮುಂದೆ ಕೂರಲು ನಾಚುವವರ ಹಾಗೆ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು. ಹಿಂದೆ ಹನ್ನೆರಡು ಗಾಡಿ ಸೇರಿದ ಮೇಲೆ, ಮೇಲಿನವರಿಗೆ ಬರೆದು ಕೇಳುವುದೆಂದು ತೀರ್ಮಾನವಾಯಿತು.

ಮೇಲಿನವರು ಅಂದರೆ ಕೆಳಗಿನವರು. ಗಾಡಿಗಳ ಆಫೀಸು ಇದ್ದದ್ದು ಘಾಟಿಯ ಬುಡದ ಆಚೆ. ಎಂಟು ದಿನಕ್ಕೆ ಪುಟ್ಟಬಸಪ್ಪನ ಮನೆಗೆ ಒಂದು ಕಾಗದ ಬಂತು. ಬರುವ ಗುರುವಾರ ಹನ್ನೊಂದು ಗಂಟೆಗೆ ಒಂಬತ್ತನೇ ತಿರುವಿನಲ್ಲಿ ಸದರಿ ವಾಹನವು ಹಾರ್ನ್ ಸಮೇತ ಹಾಜರಾಗತಕ್ಕದ್ದು. ಜೊತೆಗೊಂದು ಫಾರಂ. ಹಾರ್ನಿನ ತಯಾರಿಕೆ ಯಾವ ಊರಿನದು? ಪುಟ್ಟಬಸಪ್ಪ ಯೋಚಿಸಿ, ಅವಳ ತವರು ಜೀರಹಳ್ಳಿ ಎಂದು ಬರೆದ. ತಯಾರಾದ ವರ್ಷ? ದೊಡ್ಡ ಬರದ ಮಾರನೇ ವರ್ಷ. ಅಳವಡಿಸಿದ ದಿನಾಂಕ? ಅಲ್ಲಿ ಅವನು ಮದುವೆಯ ತಾರೀಕು ಹಾಕಿದ. ಈ ಮೊದಲು ದುರಸ್ತಿ ಆಗಿದೆಯೇ?

"ಆ ವರ್ಸ ಗಂಟಲಲ್ಲಿ ಮೀನಿನ ಮುಳ್ಳು ಸಿಗಾಕ್ಕಂಡಿತ್ತಲ್ಲ, ಅದುನ್ನ ಬರೀಲಾ?" ಎಂದು ಕೇಳಿದ.

"ಮೀನು ತಿಂದದ್ದ ಆಪೀಸಿಗ್ ಯಾಕ್ ಏಳ್ತೀಯ? ಲಿಂಗ ಕಟ್ಟಿರೋರು ನಾವು," ಎಂದಳು ಗುರುಲಿಂಗಮ್ಮ. ಅವನು 'ಇಲ್ಲ' ಎಂದು ಬರೆದ.

ಗುರುವಾರ ಇನ್ಸ್‌ಪೆಕ್ಟರ್ ಶಿವಶಂಕರ ಜೀಪಿನಲ್ಲಿ ಬಂದ. ತಾಳವಾಡಿ ಕಡೆಯವನೇ, ಆದರೆ ಕೆಳಗೆ ಕೆಲಸಕ್ಕೆ ಸೇರಿದ ಮೇಲೆ ಉಚ್ಚಾರದಲ್ಲಿ ಹಕಾರ ಸೇರಿಸಿಕೊಂಡಿದ್ದ. ಕೈಯಲ್ಲಿ ದಪ್ಪ ಪುಸ್ತಕ. ಬೋರ್ಡುಗಳ ನಡುವಿನ ಜಾಗ ಅಳೆದ, ಗುರುಲಿಂಗಮ್ಮನ ಸೀಟಿನ ಎತ್ತರ ಅಳೆದ, ಅವಳನ್ನು ಅಳೆಯಲು ಹೋಗಿ ಅವಳ ಮುಖ ನೋಡಿ ಟೇಪು ಮಡಚಿದ. ಆಮೇಲೆ ಪುಸ್ತಕ ತಿರುವಿ ತಿರುವಿ, ಊಟದ ಹೊತ್ತಿಗೆ ತೀರ್ಪು ಹೇಳಿದ.

"ನೋಡಿ. 'ಹೋಯ್' ಅನ್ನೋದು ಬರೀ ಸದ್ದು. ಬರೀ ಸದ್ದಾದ್ರೆ ಹಾರ್ನು. ಕೆಂಪ ತೂತು ಹಾಕಬೇಕು. ಸುಮ್ಮನಿದ್ರೆ ಪ್ರಕಾಶ್ ತೂತು ಹಾಕಬೇಕು. ಆದ್ರೆ ಕಾಡಲ್ಲಿ ಮಾತಾಡಬಾರದು ಅಂತ ಎಲ್ಲೂ ರೂಲ್ಸಿಲ್ಲ. ಹಾಗಾಗಿ ಆಯಮ್ಮ ಮಾತಲ್ಲಿ ಎಚ್ಚರಿಕೆ ಕೊಡ್ಲಿ. ಎದುರಿನವನಿಗೆ ಯಾರು ಬರ್ತಿದ್ದಾರೆ ಅಂತ ತಿಳಿದ್ರೆ ರಸ್ತೆಯವರ ಬೋರ್ಡಿಗೂ ಸಮಾಧಾನ."

ಕೆಂಪನೂ ಪ್ರಕಾಶನೂ ಸಂತೋಷದಿಂದ ಕೈ ಕುಲುಕಿಕೊಂಡರು. ಪುಟ್ಟಬಸಪ್ಪನ ಎದೆಯ ಭಾರ ಇಳಿಯಿತು.

"'ನಮ್ಮೋರು ಬತ್ತಾವ್ರೆ' ಅಂತ ಕೂಗ್ತೀನಿ," ಎಂದಳು ಗುರುಲಿಂಗಮ್ಮ.

"ನಮ್ಮೋರು ಅಂದ್ರೆ ಯಾರಮ್ಮ? ಕರ್ನಾಟಕದೋರಾ, ತಮಿಳುನಾಡೋರಾ? ಹಾಗೆಲ್ಲ ಆಗಲ್ಲ. ಹೆಸರು ಕೂಗಬೇಕು."

"ಲಾರಿ ನಂಬರ್ ಕೂಗುದ್ರೆ ಆಗಾಕಿಲ್ವಾ ಸಾ?" ಎಂದ ಪುಟ್ಟಬಸಪ್ಪ. ಅವನ ದನಿ ಆಗಲೇ ಇಳಿದಿತ್ತು.

"ನಂಬರ್ ಗಾಡೀದು. ಗಾಡಿ ತಾನಾಗೇ ಬರುತ್ತೇನ್ರೀ? ಡ್ರೈವರ್ ಬರ್ತಾನೆ. ಡ್ರೈವರ್ ಹೆಸರು ಕೂಗ್ಲಿ. ಒಂದು ಸಲ ಎಂಟನೇ ತಿರುವಿಗೆ ಇಳಿದು ಹತ್ತಿ ಬನ್ನಿ, ನಾನು ಇಲ್ಲಿಂದ ಕೇಳಿ ಸರ್ಟಿಫಿಕೇಟ್ ಬರೀತೀನಿ."

ಗುರುಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆನೆ ಓಡಿಸಿದವಳು, ಮೂವರು ಗಂಡಸರ ಮುಂದೆ ಬಾಯಿ ಕಟ್ಟಿ ನಿಂತಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಪುಟ್ಟಬಸಪ್ಪ ಮದುವೆಯಾದ ಮೇಲೆ ನೋಡಿದ್ದು ಇದೂ ಸೇರಿ ಎರಡೇ ಸಲ.

ಅವಳಿಗಾದರೂ ಒಂದು ಭಯ, ಅವನಿಗೆ ಎರಡು. ಹೆಂಡತಿ ಹೆಸರು ಹಿಡಿದರೆ ಆಯಸ್ಸು ಸವೆಯುತ್ತದೆಂಬುದು ಒಂದು. ಘಾಟಿಯಲ್ಲಿ ನಿಂತು ಕೂಗಿದ್ದೆಲ್ಲ ಸತ್ತವರ ಹೆಸರೇ ಎಂಬುದು ಇನ್ನೊಂದು. ಅವನು ರಸ್ತೆಯಂಚಿನ ಮೋಟುಗೋಡೆಯ ಆಚೆ ನೋಡಿದ. ಬಿದಿರು ಮೆಳೆ, ಅದರ ಕೆಳಗೆ ಹೊಗೆಯಂಥ ಮಂಜು, ಅದರ ಕೆಳಗೆ ಮಹದೇವಪ್ಪ. ಅಂದು ಕೂಗಿ ಕೂಗಿ ಗಂಟಲು ಒಡೆದು, ಬೀಡಿ ಬೆರಳು ಸುಡುವ ತನಕ ಕಾದದ್ದು ನೆನಪಾಯಿತು.

ಅಂಗಿಯ ಜೇಬಿನಿಂದ ಲೈಸೆನ್ಸು ತೆಗೆದ. ಅದರೊಳಗಿನ ಫೋಟೋದಲ್ಲಿ ಅವನಿಗೆ ಮೀಸೆ ಆಗ ತಾನೇ ಚಿಗುರಿತ್ತು. ಎರಡನೇ ತೂತು ಸರಿಯಾಗಿ ಕಿವಿಯ ಮೇಲೆ ಬಿದ್ದಿತ್ತು.

"ತಕಳಿ ಸಾ," ಎಂದು ಚಾಚಿದ. "ಯಾರಾದ್ರೂ ಒಬ್ರು ಆಕ್ಬುಡಿ. ಅವ್ಳ ಬಾಯಲ್ಲಿ ಏಳಿಸ್ಬ್ಯಾಡಿ. ನಾನು ರಾಗಿ ಒಲ ಕಾದ್ಕಂಡಿರ್ತೀನಿ."

ಶಿವಶಂಕರ ಲೈಸೆನ್ಸು ತೆಗೆದುಕೊಂಡ. ಕೆಂಪ ನೆಲ ನೋಡಿದ. ಪ್ರಕಾಶ್ ತನ್ನ ಇಕ್ಕಳವನ್ನು ಬೆನ್ನ ಹಿಂದೆ ಅಡಗಿಸಿದ. ಆಗ ಗುರುಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿ ಹತ್ತಿದಳು.

"ಇಳ್ಸು ಎಂಟಕ್ಕೆ," ಎಂದಳು.

"ಅಮ್ಮಿ, ಬ್ಯಾಡ."

"ಇಳ್ಸು ಅಂದೆ."

ಇಳಿಸಿದ. ಎಂಟನೇ ತಿರುವಿನಲ್ಲಿ ಲಾರಿ ತಿರುಗಿಸಿ ಮೂಗನ್ನು ಮೇಲಕ್ಕೆ ಮಾಡಿ ನಿಲ್ಲಿಸಿದಾಗ ಅವಳು ಏನೋ ಮಣಮಣ ಅನ್ನುತ್ತಿದ್ದಳು. ಮಾದಪ್ಪನಿಗೆ ಹರಕೆ ಹೊರುತ್ತಿದ್ದಾಳೆಂದು ಅವನು ತಿಳಿದ. ಅವಳು ಮಾಡುತ್ತಿದ್ದದ್ದು ಅಭ್ಯಾಸ. ಹೆಸರಿನ ಮೊದಲ ಅಕ್ಷರದಲ್ಲೇ ನಾಲಿಗೆ ತೊಡರಿ, ನುಂಗಿ, ಮತ್ತೆ ಶುರು ಮಾಡುತ್ತಿದ್ದಳು.

ಲಾರಿ ಎರಡನೇ ಗೇರಿನಲ್ಲಿ ಗೊಣಗುತ್ತ ಹತ್ತಿತು. ಹಳದಿ ಹಲಗೆ ಕಂಡಿತು, ಆಮೇಲೆ ಬೋರ್ಡುಗಳು, ಅವುಗಳ ಕೆಳಗೆ ಸಾಲಾಗಿ ನಿಂತ ಮೂವರು. ಗುರುಲಿಂಗಮ್ಮ ಕಿಟಕಿಯಿಂದ ಹೊರಗೆ ಬಾಗಿ, ಕಣ್ಣು ಮುಚ್ಚಿ, ಮೂವತ್ತೊಂದು ವರ್ಷ ನುಂಗಿಕೊಂಡದ್ದನ್ನೆಲ್ಲ ಒಂದೇ ಸಲ ಹೊರಗೆ ಬಿಟ್ಟಳು.

"ಪುಟ್ಟಬಸಪ್ಪೋ...!"

ಪುಟ್ಟಬಸಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಮಹದೇವಪ್ಪ ಸತ್ತ ವರ್ಷದಿಂದೀಚೆಗೆ ಆ ತಿರುವಿನಲ್ಲಿ ಅವನು ಯಾರೂ ತಡೆಯದೆ ಗಾಡಿ ನಿಲ್ಲಿಸಿರಲಿಲ್ಲ. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಅವನ ಹೆಸರು ಮೋಟುಗೋಡೆ ದಾಟಿ ಕಣಿವೆಗೆ ಇಳಿಯಿತು, ಎದುರಿನ ಬಂಡೆಗೆ ಬಡಿದು ವಾಪಸು ಬಂತು, ಮತ್ತೆ ಇಳಿಯಿತು. ಕೆಂಪ ಆಗಲೇ ಹಚ್ಚಿದ್ದ ಬೀಡಿ ಬೆರಳಲ್ಲಿ ಹಾಗೇ ಸುಡುತ್ತಿತ್ತು.

ಗುರುಲಿಂಗಮ್ಮ ಕಣ್ಣು ತೆರೆಯಲಿಲ್ಲ. ಪಕ್ಕದ ಸೀಟಿನಲ್ಲಿ ಏನಿರುತ್ತದೋ ಎಂದು ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಕೈ ಮಾತ್ರ ಸೀಟಿನ ಮೇಲೆ ತಡಕಾಡುತ್ತ ಬಂದು ಅವನ ಅಂಗಿಯ ತುದಿಯನ್ನು ಹಿಡಿದುಕೊಂಡಿತು.

ಅಷ್ಟು ಹೆಸರುಗಳನ್ನು ಆ ಘಾಟಿಯಲ್ಲಿ ಪುಟ್ಟಬಸಪ್ಪ ಕೂಗಿದ್ದ, ಬೇರೆಯವರು ಕೂಗಿದ್ದನ್ನೂ ಕೇಳಿದ್ದ. ಒಂದಕ್ಕೂ ಉತ್ತರ ಬಂದಿರಲಿಲ್ಲ.

"ಓ..." ಎಂದ. ಸಾಲದೆನಿಸಿತು. ಕಣಿವೆಗೂ ಕೇಳುವ ಹಾಗೆ ಮತ್ತೊಂದು ಸಲ, "ಓ... ಇಲ್ಲೇ ಇವ್ನಿ ಕಣಮ್ಮಿ!" ಎಂದು ಕೂಗಿದ.

ಅವಳು ಕಣ್ಣು ತೆರೆದಳು. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅಂಗಿಯ ತುದಿ ಬಿಟ್ಟು ಮೂಗು ಒರೆಸಿಕೊಂಡಳು.

ಶಿವಶಂಕರ ಕಾಗದವನ್ನು ಪುಸ್ತಕದ ಮೇಲಿಟ್ಟು ಸರ್ಟಿಫಿಕೇಟ್ ಬರೆದ. ಆಮೇಲೆ ಬಂದು ಅದನ್ನೂ ಲೈಸೆನ್ಸನ್ನೂ ಕಿಟಕಿಯಿಂದ ಒಳಗೆ ಕೊಟ್ಟ. ಮೂರನೇ ತೂತಿರಲಿಲ್ಲ. ಸರ್ಟಿಫಿಕೇಟಿನಲ್ಲಿ, ಸದರಿ ವಾಹನದ ಎಚ್ಚರಿಕೆಯು ಮಾತಾಗಿದ್ದು ಹಾರ್ನ್ ಅಲ್ಲವೆಂದೂ, ಎಲ್ಲ ಇಪ್ಪತ್ತೇಳು ತಿರುವುಗಳಲ್ಲೂ ತಪ್ಪದೆ ಕೂಗತಕ್ಕದ್ದೆಂದೂ, ಡ್ರೈವರ್ ಉತ್ತರ ಕೊಡುವುದು ಕಡ್ಡಾಯವಲ್ಲವೆಂದೂ ಬರೆದಿದ್ದ. ಹಿಂದೆ ಸೇರಿದ್ದ ಗಾಡಿಗಳವರು ಹಾರ್ನ್ ಹೊಡೆಯತೊಡಗಿದರು. ಕೆಂಪ ಇಕ್ಕಳ ಹಿಡಿದು ಅತ್ತ ಓಡಿದ.

"ಯಾನ ಬರ್ದವ್ನೆ?" ಎಂದಳು ಗುರುಲಿಂಗಮ್ಮ. ಅವನು ಓದಿ ಹೇಳಿದ. ಕೊನೆಯದನ್ನು ಕೇಳಿ ಅವಳ ಹುಬ್ಬು ಗಂಟಾಯಿತು.

"ಕಡ್ಡಾಯ ಅಲ್ವಂತಾ? ಅವ್ನ್ ಎಂಡ್ತಿಗೇಳ್ಲಿ. ಇನ್ನೂ ಅದ್ನೆಂಟು ತಿರುವು ಅವೆ. ನಾನು ಕೂಗ್ದಾಗೆಲ್ಲ ನೀನು ಓ ಅನ್ಬೇಕು. ಒಂದ್ ತಪ್ಪುದ್ರೂ ಇಳ್ದೋಯ್ತೀನಿ."

ಪುಟ್ಟಬಸಪ್ಪ ಗಾಡಿ ಸ್ಟಾರ್ಟ್ ಮಾಡಿದ.